ಮೇಷ್ಟ್ರ ಮಾತಿಗೆ ಇಲ್ಲವೆನ್ನುವ ಪರೀಕ್ಷೆ

ಪರೀಕ್ಷೆಗೆ ಓದಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪರೀಕ್ಷೆಯನ್ನೇ ಓದಿದವನು ಪ್ರಾಯಶಃ ನಾನೊಬ್ಬನೇ. ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿಸುವ ಆರು ಪುಟದ ತೆಳ್ಳನೆಯ ಪುಸ್ತಿಕೆಯೊಂದನ್ನು ಮೂರು ತಿಂಗಳು ಓದಿ, ಬಾಯಿಪಾಠ ಮಾಡಿ, ಕಡೆಗೆ ಅದನ್ನು ಅಚ್ಚು ಹಾಕಿದ ಮುದ್ರಣಾಲಯದ ವಿಳಾಸವನ್ನೂ ಒಪ್ಪಿಸುವಷ್ಟು ಪಾಂಡಿತ್ಯ ಗಳಿಸಿದ್ದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಯೋ ನಾಚಿಕೆಯಿಂದಲೋ ಎಂದು ಕೇಳಬೇಡಿ. ವಯಸ್ಸಾದ ಮೇಲೆ ಅವೆರಡೂ ಒಂದೇ ಪಾತ್ರೆಯಲ್ಲಿ ಬೆರೆತುಹೋಗುತ್ತವೆ.

ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಹೊಸದಾಗಿ ಬಂದಿದ್ದ ದಿನಗಳು. ನಾನು ನಮ್ಮೂರಾದ ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಒಂದು ಬೆಳಿಗ್ಗೆ ಮೇಲಿನಿಂದ ಸರ್ಕ್ಯುಲರ್ ಬಂತು. ಸ್ಕೂಲಿನ ಕಡೆಯ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುವವರೆಲ್ಲ ಮುಂದಿನ ಜೂನ್ ಒಳಗೆ ಒಂದು ಮೇಲ್ದರ್ಜೆಯ ಇಂಗ್ಲಿಷ್ ಪರೀಕ್ಷೆ ಪಾಸು ಮಾಡತಕ್ಕದ್ದು, ಮಾಡದವರಿಗೆ ಕೆಳಗಿನ ಕ್ಲಾಸು. ಸರ್ಕ್ಯುಲರಿನ ಜೊತೆಗೇ ಆ ಪುಸ್ತಿಕೆ. ನಾನು ಅದನ್ನು ಬೀರುವಿನ ಮೇಲೆ ಎಸೆದು ಸುಮ್ಮನಾದೆ. ನನಗೆ ವಯಸ್ಸಿತ್ತು, ಇವತ್ತಲ್ಲದಿದ್ದರೆ ನಾಳೆ ಪಾಸಾದರಾಯಿತು ಎಂಬ ಭಂಡಧೈರ್ಯವೂ ಇತ್ತು.

ನಾಲ್ಕನೆಯ ದಿನ ಮದ್ದೂರಿನಿಂದ ಕಾರ್ಡು ಬಂತು. ಬರೆದವರು ಚಿಕ್ಕೇಗೌಡ ಮೇಷ್ಟ್ರು.

ಇವರು ಯಾರೆಂದು ಹೇಳಬೇಕು. ಕೆರಗೋಡಿನ ಒಕ್ಕಲು ಮನೆತನದವರು. ಗದ್ದೆಯನ್ನು ತಮ್ಮನಿಗೆ ಬಿಟ್ಟು, ಮನೆತನದಲ್ಲೇ ಮೊದಲು ಇಂಗ್ಲಿಷ್ ಕಲಿತು, ಮದ್ದೂರಿನ ಸ್ಕೂಲಿಗೆ ಮೇಷ್ಟ್ರಾಗಿ ಬಂದವರು. ನಾನು ಚಿಕ್ಕವನಿದ್ದಾಗ ಮದ್ದೂರಿನ ನಮ್ಮ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಅವರ ಹತ್ತಿರ ಓದಿದೆ. ಇಂಗ್ಲಿಷ್ ವ್ಯಾಕರಣವನ್ನು ಅವರು ನೇಗಿಲು ಹೂಡಿದ ಹಾಗೆ ಹೂಡುತ್ತಿದ್ದರು, ಸಾಲು ಒಂದಿಷ್ಟು ಡೊಂಕಾಗುವಂತಿರಲಿಲ್ಲ. ಪಾಠವೆಲ್ಲ ಅಪ್ಪಟ ದೊರೆಗಳ ಇಂಗ್ಲಿಷಿನಲ್ಲಿ, ಬೈಗುಳವೆಲ್ಲ ಅಪ್ಪಟ ಕೆರಗೋಡಿನ ಕನ್ನಡದಲ್ಲಿ. ನನಗೆ ಗೊತ್ತಿರುವ ಇಂಗ್ಲಿಷೆಲ್ಲ ಅವರದು. ಅವರ ಮುಂದೆ ಕೂರಲಾರದ ರೋಗವೂ ಆಗಲೇ ಅಂಟಿದ್ದು. ಮೇಷ್ಟ್ರು ಕಂಡರೆ ನನ್ನ ಮೊಣಕಾಲು ತಾವಾಗಿಯೇ ನೆಟ್ಟಗಾಗುತ್ತಿದ್ದವು, ಬಾಯಿ ತಾನಾಗಿಯೇ 'ಎಸ್ ಸಾರ್' ಅನ್ನುತ್ತಿತ್ತು. ಮದುವೆಯಾಗಿ, ಕೆಲಸವಾಗಿ, ನನ್ನನ್ನು ಕಂಡು ಮೇಲೇಳುವವರು ನಲವತ್ತು ಮಂದಿ ಆದಮೇಲೂ ಈ ರೋಗ ವಾಸಿಯಾಗಿರಲಿಲ್ಲ.

ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು, ಭಾನುವಾರ ಬಾ ಎಂದು. ಹೋದೆ. ಮೇಷ್ಟ್ರು ಜಗುಲಿಯ ಮೇಲೆ ಪುಸ್ತಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ಸೊರಗಿದ್ದನ್ನು ಅವತ್ತೇ ನಾನು ಮೊದಲು ಕಂಡದ್ದು.

"ಇಪ್ಪತ್ತೊಂಬತ್ತು ವರ್ಸ ಇಂಗ್ಲೀಸು ಯೋಳ್ಕೊಟ್ಟಿವ್ನಿ ಕಣ್ಲಾ ಸೀನ. ಈಗ ನಿಂಗೆ ಇಂಗ್ಲೀಸು ಬತ್ತದಾ ಅಂತ ನನ್ನೇ ಕೇಳ್ತಾವ್ರೆ. ಇನ್ನೆರಡು ವರ್ಸ ಅದೆ ನಂಗೆ ಪಿಂಚಣಿಗೆ. ಪಾಸಾಗ್ನಿಲ್ಲ ಅಂದ್ರೆ ನನ್ ಕ್ಲಾಸು ಕಿತ್ಕಂಡು, ಒಂದ್ನೇ ಕ್ಲಾಸಿನ ಮಕ್ಳಿಗೆ ಮಗ್ಗಿ ಯೋಳ್ಕೊಡು ಓಗು ಅಂತಾರೆ. ಎದುರುಗಡೆ ಕೋಣೇಲಿ ಇನ್ನೊಬ್ಬ ಬಂದು ನನ್ ಹುಡುಗ್ರಿಗೆ ಇಂಗ್ಲೀಸು ಯೋಳ್ಕೊಡೋದ ನಾನು ಕೇಳ್ಕಂಡು ಕುಂತಿರ್ಬೇಕು."

ಇಷ್ಟು ಹೇಳಿ ಅವರು ಪಕ್ಕದ ಬೀದಿಯ ಕಡೆ ನೋಡಿದರು. ಆ ಕ್ಲಾಸು ಮೇಷ್ಟ್ರ ಪ್ರಾಣ. ಮಗಳ ಮದುವೆಯ ಮಾರನೆಯ ದಿನವೂ ಅದಕ್ಕೆ ರಜಾ ಕೊಟ್ಟವರಲ್ಲ ಅವರು.

"ನಿಮಗೆ ಬಾರದ ಇಂಗ್ಲಿಷು ಯಾರಿಗೆ ಬರುತ್ತೆ ಸಾರ್? ನೀವು ಪಾಸಾಗದಿದ್ದರೆ ಉಂಟೆ?" ಎಂದೆ.

"ಅಂಗಲ್ಲ ಕಣ್ಲಾ. ಇದು ಇಂಗ್ಲೀಸಿನ ಪರೀಕ್ಸೆ ಅಲ್ಲ, ಬೇರೆ ಏನೋ ಅದೆ. ಓದು ಮೊದ್ಲು."

ಆಗ ಓದಿದೆ. ಎಂಥ ಪುಸ್ತಿಕೆ ಅಂತೀರಿ! ನಾವೆಲ್ಲ ಕಂಡಿದ್ದ ಪರೀಕ್ಷೆ ಎಂದರೆ ಪ್ರಶ್ನೆ ಕೊಡುತ್ತಾರೆ, ಉತ್ತರ ಬರೆಯುತ್ತೇವೆ, ದೇವರಿಗೆ ಹರಸಿಕೊಳ್ಳುತ್ತೇವೆ, ಅಷ್ಟೆ. ಇದರಲ್ಲಿ ನಾಲ್ಕು ಭಾಗ. ಮೊದಲನೆಯದು ಓದು. ಒಂದು ಪುಟ ಕೊಡುತ್ತಾರೆ, ಅಲ್ಲಲ್ಲಿ ಪದಗಳೇ ಇರುವುದಿಲ್ಲ. ನಮ್ಮಪ್ಪನ ಗೆದ್ದಲು ತಿಂದ ಓಲೆಗರಿಯ ಹಾಗೆ ಇರುವ ಆ ತೂತುಗಳನ್ನು ನಾವು ತುಂಬಬೇಕು. ಎರಡನೆಯದು ಬರವಣಿಗೆ, ಒಂದು ಪತ್ರ, ಒಂದು ಪ್ರಬಂಧ. ಪತ್ರಕ್ಕೆ ಇಷ್ಟೇ ಪದ ಎಂದು ಮಿತಿ. ನಮ್ಮ ಕಡೆ ಅಮಲ್ದಾರರಿಗೆ ಅರ್ಜಿ ಬರೆದು ಪಳಗಿದ ಕೈ ಇದು. 'ಮಹಾರಾಜರಾಜಶ್ರೀ ಸನ್ನಿಧಾನಕ್ಕೆ ತಮ್ಮ ಅತಿ ವಿಧೇಯ ಸೇವಕನಾದ' ಎಂಬಲ್ಲಿಂದ ಹೊರಟು ವಿಷಯಕ್ಕೆ ಬರುವ ಹೊತ್ತಿಗೆ ಅವರು ಕೊಟ್ಟ ಪದಗಳಲ್ಲಿ ಅರ್ಧ ಖರ್ಚಾಗಿರುತ್ತಿತ್ತು. ಮೂರನೆಯದು ಕೇಳುವಿಕೆ. ಪರೀಕ್ಷಕರು ಒಂದು ಸಂಗತಿಯನ್ನು ಎರಡೇ ಸಲ ಓದುತ್ತಾರೆ, ಮೂರನೆಯ ಸಲ ಕೇಳುವ ಹಾಗಿಲ್ಲ. ಮಂಡ್ಯದ ಸೀಮೆಯಲ್ಲಿ ಯಾವ ಮಾತನ್ನು ಯಾರು ಎರಡೇ ಸಲ ಹೇಳಿ ಬಿಟ್ಟಿದ್ದಾರೆ, ನೀವೇ ಹೇಳಿ.

ಇವೆಲ್ಲ ಹೇಗೋ ಆಗುತ್ತಿತ್ತು. ಮೇಷ್ಟ್ರ ಬೆರಳು ನಿಂತದ್ದು ನಾಲ್ಕನೆಯ ಭಾಗದ ಮೇಲೆ. ಮಾತು. ಇಬ್ಬಿಬ್ಬರು ಅಭ್ಯರ್ಥಿಗಳು ಜೊತೆಯಾಗಿ ಬರಬೇಕು, ಜೊತೆಯನ್ನು ತಾವೇ ಆರಿಸಿಕೊಳ್ಳಬಹುದು. ಪರೀಕ್ಷಕರು ಎರಡು ಚಿತ್ರ ಕೊಟ್ಟು ಒಂದು ವಿಷಯ ಹೇಳುತ್ತಾರೆ. ಅಭ್ಯರ್ಥಿಗಳು ಎದುರುಬದುರಾಗಿ ಕೂತು, ಸರಿಸಮಾನರಾಗಿ ಮಾತಾಡಿ, ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಸೌಜನ್ಯದಿಂದ ಅಲ್ಲಗಳೆದು, ಕಡೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬರಬೇಕು. ಒಬ್ಬನೇ ಮಾತಾಡಿ ಇನ್ನೊಬ್ಬ ಬರೀ ಹೂಂಗುಟ್ಟಿದರೆ ಇಬ್ಬರಿಗೂ ಸೊನ್ನೆ. ಇದರಲ್ಲಿ ಹೋದರೆ ಉಳಿದ ಮೂರರಲ್ಲಿ ಎಷ್ಟು ಬಂದರೂ ಪಾಸಿಲ್ಲ.

"ನಂಗೆ ನೀನೇ ಜೊತೆ. ನಾ ಕಲ್ಸಿದೋರಲ್ಲಿ ಇಂಗ್ಲೀಸು ನೆಟ್ಗೆ ಬರೋನು ನೀನೊಬ್ನೆ. ಕುಂತ್ಕೊ, ಸುರು ಮಾಡವ" ಅಂದರು ಮೇಷ್ಟ್ರು.

"ಪರವಾಗಿಲ್ಲ ಸಾರ್" ಎಂದು ನಾನು ನಿಂತೇ ಇದ್ದೆ.

"ಕುಂತ್ಕಳ್ಲಾ ಅಂದ್ರೆ!"

ಕಂಬಕ್ಕೆ ಒರಗಿದೆ. ಅಲ್ಲಿಗೆ ಇಬ್ಬರೂ ಅರ್ಧರ್ಧ ಸೋತಂತಾಯಿತು.

ಅವತ್ತಿನಿಂದ ಪ್ರತಿ ಭಾನುವಾರ ಮಳವಳ್ಳಿಯಿಂದ ಮದ್ದೂರಿಗೆ ನನ್ನ ದಂಡಯಾತ್ರೆ. ಬಸ್ಸಿಗೆ ಹೊರಡುವ ಹೊತ್ತು ಎಂಬುದಿರಲಿಲ್ಲ, ಡ್ರೈವರ ಕಾಫಿ ಮುಗಿದಾಗ ಹೊರಡುತ್ತಿತ್ತು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ, ಪುಸ್ತಿಕೆಯೇ ಕಲಿಸಿಕೊಟ್ಟಿದ್ದ ಒಂದು ವಾಕ್ಯವನ್ನು ಜಪ ಮಾಡುತ್ತಿದ್ದೆ: 'ಐ ಬೆಗ್ ಟು ಡಿಫರ್, ಸರ್.' ತಮ್ಮ ಮಾತನ್ನು ನಾನು ಒಪ್ಪಲಾರೆ, ಕ್ಷಮಿಸಬೇಕು ಎಂದು ಇದರ ತಾತ್ಪರ್ಯ. ಹೊಂಗೆ ಮರಗಳ ಮಾತನ್ನು ಒಪ್ಪಲಿಲ್ಲ, ಮೈಲಿಗಲ್ಲುಗಳ ಮಾತನ್ನು ಒಪ್ಪಲಿಲ್ಲ, ಎದುರು ಬಂದ ಎತ್ತಿನಗಾಡಿಗಳ ಮಾತನ್ನಂತೂ ಖಡಾಖಂಡಿತವಾಗಿ ಒಪ್ಪಲಿಲ್ಲ. ಮದ್ದೂರಿನಲ್ಲಿ ಇಳಿದು ಮೇಷ್ಟ್ರ ಜಗುಲಿ ಕಂಡೊಡನೆ ವಾಕ್ಯ ಗಂಟಲಿನಲ್ಲೇ ಕೂತುಬಿಡುತ್ತಿತ್ತು.

ಮೇಷ್ಟ್ರು ಏನೆಲ್ಲ ಪಾಡು ಪಟ್ಟರು! ಹುಡುಗರು ಬೆಳಿಗ್ಗೆ ಓದುವುದು ಮೇಲೋ ಸಾಯಂಕಾಲವೋ ಎಂದು ವಿಷಯ ಇಟ್ಟುಕೊಂಡು, ಬೆಳಿಗ್ಗೆಯೇ ಮೇಲು ಎಂದು ಇಂಗ್ಲಿಷಿನಲ್ಲಿ ಐದು ನಿಮಿಷ ಹೇಳಿ, ನನ್ನ ಮುಖ ನೋಡುವರು. ನಾನು ಮನಸ್ಸಿನಲ್ಲೇ ಸಾಯಂಕಾಲದ ಪರವಾಗಿ ಏಳು ಕಾರಣ ಎಣಿಸಿ, ಬಾಯಿ ತೆಗೆದು, "ಎಸ್ ಸಾರ್" ಅನ್ನುವೆ.

"ತಪ್ಪು ಅನ್ಲಾ! ನಾ ಯೋಳಿದ್ದು ತಪ್ಪು ಅನ್ಲಾ!"

"ನೀವು ಹೇಳಿದ್ದು ತಪ್ಪು ಅನ್ನಬೇಕು ಅಂತ ನೀವು ಹೇಳೋದು ಸರಿಯಾಗಿದೆ ಸಾರ್."

ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. "ಥೂ ನಿನ್ನ! ಇಷ್ಟು ವಿಧೇಯನ್ನ ಮಾಡಿದ್ನೇನ್ಲಾ ನಾನು ನಿನ್ನ?" ಎಂದರು. ಅದರಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ನನಗೆ ಅಳು ಬರುವುದೊಂದು ಬಾಕಿ.

ಮನೆಗೆ ಬಂದು ಹೆಂಡತಿಯ ಮುಂದೆ ತೋಡಿಕೊಂಡೆ. ಅವಳು ಹುರುಳಿಕಾಯಿ ಹೆಚ್ಚುತ್ತ ಕೇಳಿಸಿಕೊಂಡು, "ಅಲ್ಲಾಂದ್ರೆ, ನಾನು ಏನು ಹೇಳಿದ್ರೂ ಬೆಳಗಿಂದ ರಾತ್ರೀವರೆಗೂ ಅಲ್ಲ ಇಲ್ಲ ಅಂತಾನೇ ಇರ್ತೀರಲ್ಲ. ಅದನ್ನೇ ಒಂದಿಷ್ಟು ಮದ್ದೂರಿಗೆ ತಗೊಂಡು ಹೋಗಬಾರದೆ?" ಎಂದಳು.

"ಅಲ್ಲ, ಅದು ಬೇರೆ" ಎಂದೆ.

"ನೋಡಿದ್ರಾ" ಎಂದಳು.

ನಮ್ಮಪ್ಪನನ್ನೂ ಕೇಳಿದೆ. ಅವರು ದೇವಸ್ಥಾನದ ಪೂಜೆಯ ಜೊತೆಗೆ ಅಷ್ಟಿಷ್ಟು ತರ್ಕಶಾಸ್ತ್ರ ಓದಿದವರು. ಅವರಿಗೆ ಈ ಇಂಗ್ಲಿಷ್ ಪರೀಕ್ಷೆಯಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮ ಹಳಬರೂ ಹೀಗೇ ಎದುರುಬದುರು ಕೂತು ವಾದ ಮಾಡುತ್ತಿದ್ದರಂತೆ. ಒಬ್ಬ ಪೂರ್ವಪಕ್ಷ ಹೂಡಬೇಕು, ಇನ್ನೊಬ್ಬ ಅದನ್ನು ಮುರಿಯಬೇಕು. ಎದುರಾಳಿ ಸಿಗದಿದ್ದರೆ ಶಿಷ್ಯನನ್ನೇ ಕೂರಿಸಿಕೊಂಡು ಮುರಿಸಿಕೊಳ್ಳುತ್ತಿದ್ದರಂತೆ. "ಗುರುಗಳ ಮಾತನ್ನ ಮುರಿಯೋದು ಪಾಪ ಅಲ್ಲವೇನಪ್ಪ?" ಎಂದು ಕೇಳಿದೆ. ಅಪ್ಪ ನಸ್ಯ ಏರಿಸಿ, ಸೀನಿ, "ನೀನು ಮುರಿಯದೆ ಅವರ ಕ್ಲಾಸು ಹೋಯಿತೂ ಅನ್ನು, ಅದು ಯಾವ ಪುಣ್ಯವೋ?" ಎಂದರು. ಮಾತು ತಲೆಗೆ ಹೋಯಿತು. ಮೊಣಕಾಲಿಗೆ ಮಾತ್ರ ಹೋಗಲಿಲ್ಲ.

ಪರೀಕ್ಷೆ ಮಂಡ್ಯದಲ್ಲಿ. ಊರಿಗೆಲ್ಲ ಕಬ್ಬಿನ ಹಾಲು ಕಾಯುವ ವಾಸನೆ. ಮೇಷ್ಟ್ರು ಜರಿಯ ಪೇಟ, ಮುಚ್ಚು ಕೋಟು ಹಾಕಿಕೊಂಡು ಮದುವೆಗೆ ಬಂದವರ ಹಾಗೆ ಬಂದಿದ್ದರು. ತೂತು ತುಂಬಿದೆವು, ಪತ್ರ ಬರೆದೆವು. ಕೇಳುವಿಕೆಯಲ್ಲಿ ಬಂದದ್ದು ಸಮುದ್ರದ ದೀಪಸ್ತಂಭದ ವಿಷಯ. ಸಮುದ್ರ ಹೋಗಲಿ, ನಮ್ಮ ಸೀಮೆಯವರು ಕಂಡ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆ. ಆದರೂ ಎರಡು ಸಲದಲ್ಲಿ ಆದಷ್ಟು ಕೇಳಿಸಿಕೊಂಡೆವು. ಮಧ್ಯಾಹ್ನ ನಮ್ಮ ಜೋಡಿಯನ್ನು ಕರೆದರು.

ಒಳಗೆ ಪರೀಕ್ಷಕಿಯಾಗಿ ಕೂತಿದ್ದವಳು ಒಬ್ಬ ವಯಸ್ಸಾದ ದೊರೆಸಾನಿ. ಮೇಜಿನ ಮೇಲೆ ಕಾಗದ, ಪೆನ್ಸಿಲು, ತೊಡೆಯ ಮೇಲೆ ಉಣ್ಣೆಯ ದಾರದ ಉಂಡೆ. ನಮ್ಮನ್ನು ನೋಡಿ ನಕ್ಕು, ಎದುರುಬದುರಾಗಿ ಹಾಕಿದ್ದ ಎರಡು ಕುರ್ಚಿ ತೋರಿಸಿದಳು. ಮೇಷ್ಟ್ರು ಕೂತರು. ನಾನು ಕುರ್ಚಿಯ ಹಿಂದೆ ನಿಂತು ಅದರ ಬೆನ್ನನ್ನು ಹಿಡಿದುಕೊಂಡೆ. ಕೂರಬೇಕೆಂದು ಅವಳು ಎರಡು ಸಲ ಹೇಳಿದಳು. ಪುಸ್ತಿಕೆಯ ನಿಯಮದಂತೆ ಮೂರನೆಯ ಸಲ ಹೇಳಲಿಲ್ಲ.

ಒಂದು ಚಿತ್ರದಲ್ಲಿ ಕುರಿಮಂದೆ, ಇನ್ನೊಂದರಲ್ಲಿ ಗ್ರಾಮಫೋನು. ಒಂದು ಹಳ್ಳಿಗೆ ಇವೆರಡರಲ್ಲಿ ಒಂದನ್ನು ಉಡುಗೊರೆ ಕೊಡುವುದಾದರೆ ಯಾವುದು ಮೇಲು? ಹತ್ತು ನಿಮಿಷದಲ್ಲಿ ಚರ್ಚಿಸಿ ತೀರ್ಮಾನಿಸಬೇಕು. ಇಲ್ಲಿಂದ ಮುಂದೆ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತೆಂದು ತಿಳಿದುಕೊಳ್ಳಿ.

ಮೇಷ್ಟ್ರು ಕುರಿ ಹಿಡಿದರು. ಉಣ್ಣೆ, ಗೊಬ್ಬರ, ಮರಿ ಎಂದು ಸೊಗಸಾಗಿ ಹೇಳಿ ನನ್ನ ಕಡೆ ನೋಡಿದರು.

"ಎಸ್ ಸಾರ್" ಎಂದೆ.

ದೊರೆಸಾನಿ ಏನೋ ಗೀಚಿಕೊಂಡಳು. ಮೇಷ್ಟ್ರು ಕಣ್ಣಲ್ಲೇ ಗದರಿಸಿ, ಗ್ರಾಮಫೋನಿನಿಂದ ಹೊಟ್ಟೆ ತುಂಬೀತೇ ಎಂದರು. ಹಾಡು ಕೇಳಿದರೆ ಹಳ್ಳಿಯವರ ದಣಿವು ಆರುತ್ತದೆ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಕ್ವೈಟ್ ಸೋ ಸಾರ್" ಎಂದೆ.

ಇನ್ನೊಮ್ಮೆ ಗೀಚಿಕೊಂಡಳು. ಮೇಜಿನ ಕೆಳಗೆ ಮೇಷ್ಟ್ರ ಜೋಡು ನನ್ನ ಕಾಲನ್ನು ಹುಡುಕಿತು. ನಾನು ನಿಂತಿದ್ದರಿಂದ ಸಿಗಲಿಲ್ಲ. ಅವರ ಹಣೆಯ ಮೇಲೆ ಬೆವರು ಸಾಲಿಟ್ಟಿತು. ಆ ಮುಖದಲ್ಲಿ ಒಂದನೇ ಕ್ಲಾಸು, ಮಗ್ಗಿ, ಎದುರು ಕೋಣೆಯ ಇಂಗ್ಲಿಷು ಎಲ್ಲ ನನಗೆ ಕಂಡಿತು. ಕಂಡೂ ಏನು ಪ್ರಯೋಜನ? ನನ್ನ ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ. ದೊರೆಸಾನಿ ಹೆಣಿಗೆ ಕೈಗೆತ್ತಿಕೊಂಡಳು. ನಮ್ಮ ಕಥೆ ಮುಗಿಯಿತು ಎಂದುಕೊಂಡೆ.

ಮೇಷ್ಟ್ರು ಪೇಟ ಸರಿಮಾಡಿಕೊಂಡರು. ಆಮೇಲೆ ಬಹಳ ನಿಧಾನವಾಗಿ ಹೇಳಿದರು: "ಮೇಡಂ, ಈ ಸಂಸ್ಥಾನದಲ್ಲಿ ಕುರಿಗೆ ಹೆಸರಾದದ್ದು ಬಂಡೂರು ತಳಿ. ಅದು ನಮ್ಮ ಕೆರಗೋಡಿನ ಪಕ್ಕದ್ದು. ಪಾಪ, ಮಳವಳ್ಳಿಯ ಕಡೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬರೀ ಕಲ್ಲು, ಜಾಲಿ. ಅಲ್ಲಿಯವರು ಕುರಿ ನೋಡಬೇಕಾದರೂ ನಮ್ಮೂರಿಗೇ ಬರಬೇಕು."

"ನೋ ಸಾರ್!"

ಕೂಗಿದವರು ಯಾರು ಎಂದು ನಾನೇ ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ಬಂಡೂರು ಮಳವಳ್ಳಿ ತಾಲ್ಲೂಕು ಸಾರ್! ಕಿರುಗಾವಲಿನ ಮಗ್ಗುಲು ಸಾರ್! ಕಿರುಗಾವಲು ನನ್ನ ಹೆಂಡತಿಯ ತವರು, ವರ್ಷಕ್ಕೆ ನಾಲ್ಕು ಸಲ ಹೋಗುತ್ತೇನೆ, ಅಲ್ಲಿ ಕುರಿಗಳು ಬಸ್ಸನ್ನೇ ನಿಲ್ಲಿಸುತ್ತವೆ, ಕೆರಗೋಡಿನ ಪಕ್ಕ ಅಂದರೆ ಅವು ಏನು ರೈಲಿನಲ್ಲಿ ಬಂದವೇ? ಆ ಗಿಡ್ಡ ಕಾಲು, ಆ ತುಂಬಿದ ಮೈ, ಆ ನಡೆ ಇನ್ನೆಲ್ಲಿದೆ ತೋರಿಸಿ! ಜನ್ಮದಲ್ಲಿ ಕುರಿಯ ಬಾಲ ಮುಟ್ಟದ ಪುರೋಹಿತರ ಮಗ ನಾನು. ಅದರ ರುಚಿ ಹೇಗೆಂದು ಹೇಳುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಮೇಷ್ಟ್ರು ನಡುವೆ ಬಾಯಿ ಹಾಕಿದರೆ ಅವರ ಮಾತನ್ನೇ ಕತ್ತರಿಸಿದೆ. ಅವರು ಬಿಟ್ಟಾರೆಯೇ? ಹಾಗಾದರೆ ಹಳ್ಳಿಗೆ ಕುರಿಯೇ ಕೊಡೋಣವೋ ಎಂದರು. ಇಲ್ಲವೆನ್ನುವ ರುಚಿ ಹತ್ತಿದ್ದ ನಾನು ಅದಕ್ಕೂ ಕೂಡದು ಎಂದೆ. ದೊರೆಸಾನಿಯ ಹೆಣಿಗೆ ತೊಡೆಗೆ ಇಳಿದು, ದಾರದ ಉಂಡೆ ಬಾಗಿಲವರೆಗೂ ಉರುಳಿ ಹೋಯಿತು. ಅವಳು ಗಂಟೆ ಬಾರಿಸಿ ತೀರ್ಮಾನ ಕೇಳುವ ಹೊತ್ತಿಗೆ, ಗ್ರಾಮಫೋನು ಕೆರಗೋಡಿಗೆ ಹೋಗತಕ್ಕದ್ದೆಂದೂ ಕುರಿಗಳು ಮಳವಳ್ಳಿ ತಾಲ್ಲೂಕಿನಲ್ಲೇ ಉಳಿಯತಕ್ಕದ್ದೆಂದೂ ಇಬ್ಬರೂ ಒಪ್ಪಿದ್ದೆವು.

ಹೊರಗೆ ಬಂದಮೇಲೆ ಮೈಗೆ ಎಚ್ಚರವಾಯಿತು. ಎಂಥ ಕೆಲಸ ಮಾಡಿಬಿಟ್ಟೆ! ಅಲ್ಲೇ ವರಾಂಡದಲ್ಲಿ ಮೇಷ್ಟ್ರ ಕಾಲು ಹಿಡಿದೆ.

"ಏಳ್ಲಾ ಮ್ಯಾಕೆ, ಜನ ನೋಡ್ತಾವ್ರೆ" ಎಂದು ರಟ್ಟೆ ಹಿಡಿದು ಎತ್ತಿದರು. ಅವರ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು. "ಬಂಡೂರು ಎಲ್ಲದೆ ಅಂತ ನಂಗೊತ್ತಿಲ್ವೇನ್ಲಾ? ನಮ್ಮಪ್ಪನ ಕಾಲದಿಂದ ಅಲ್ಲಿಂದ್ಲೇ ಮರಿ ಇಡ್ಕಂಡ್ ಬತ್ತಿದ್ದೊ. ನಿಜ ಯೋಳುದ್ರೆ ನೀ ಒಪ್ಕಂಡೇ ನಿಂತಿರ್ತಿದ್ದೆ. ಅದ್ಕೇ ಸುಳ್ಳು ಯೋಳ್ದೆ. ಇಷ್ಟು ವರ್ಸದಾಗೆ ಇಂಗ್ಲೀಸ್ನಲ್ಲಿ ನಾ ಯೋಳಿದ ಮೊದಲ್ನೇ ಸುಳ್ಳು ಕಣ್ಲಾ ಅದು. ನಿಮ್ಮೂರ್ನ ಬೈಬೇಕಾಯ್ತಲ್ಲ ಅಂತ ಹೊಟ್ಟೆ ಉರೀತು, ಬುಡು."

ಎರಡು ತಿಂಗಳಿಗೆ ಫಲಿತಾಂಶ ಬಂತು. ಇಬ್ಬರೂ ಪಾಸು. ನನ್ನ ಹಾಳೆಯ ಕೆಳಗೆ ದೊರೆಸಾನಿ ಎರಡು ಮಾತು ಬರೆದಿದ್ದಳು: ಈ ಅಭ್ಯರ್ಥಿಗೆ ಕುರಿ ಸಾಕಣೆಯಲ್ಲಿ ಅಪಾರ ಅನುಭವವಿದ್ದಂತಿದೆ, ಕುರ್ಚಿಯ ಉಪಯೋಗ ಮಾಡಿಕೊಳ್ಳಲಿಲ್ಲವಾದ್ದರಿಂದ ಐದು ಅಂಕ ಕಳೆಯಲಾಗಿದೆ. ಹೆಂಡತಿ ಓದಿಸಿ ಕೇಳಿ, "ಇಂಗ್ಲಿಷಿನಲ್ಲಿ ಇಲ್ಲ ಅನ್ನೋದು ಕಲಿತದ್ದಾಯ್ತು. ಇನ್ನು ಕನ್ನಡದಲ್ಲಿ ಹೂಂ ಅನ್ನೋ ಪರೀಕ್ಷೆ ಯಾವಾಗ ಕಟ್ತೀರಿ?" ಎಂದಳು. ಅದಕ್ಕೆ ಇನ್ನೂ ಓದುತ್ತಿದ್ದೇನೆ.

ಜೂನ್ ತಿಂಗಳಲ್ಲಿ ಸ್ಕೂಲು ತೆರೆದ ವಾರ ಮದ್ದೂರಿಗೆ ಹೋದೆ. ಮೇಷ್ಟ್ರು ತಮ್ಮ ಹಳೆಯ ಕೋಣೆಯಲ್ಲೇ, ತಮ್ಮ ಹಳೆಯ ಕ್ಲಾಸಿಗೇ ಪಾಠ ಹೇಳುತ್ತಿದ್ದರು. ಆ ದನಿ ರಸ್ತೆಗೇ ಕೇಳುತ್ತಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಒಳಗೆ ಕರೆದು, ಹುಡುಗರಿಗೆ ಪರಿಚಯ ಹೇಳಿದರು. ಹೇಳಿ, ತಮ್ಮ ಕುರ್ಚಿಯನ್ನೇ ನನ್ನ ಕಡೆಗೆ ಎಳೆದು, ಇಡೀ ಕ್ಲಾಸಿನ ಎದುರಿಗೆ ಇಂಗ್ಲಿಷಿನಲ್ಲಿ, "ಈಗ ನೀನೂ ನಾನೂ ಸರಿಸಮಾನರು. ದಯಮಾಡಿ ಕೂರಬೇಕು" ಎಂದರು.

ನಾನು ಕುರ್ಚಿಯನ್ನು ನೋಡಿದೆ, ಮೇಷ್ಟ್ರನ್ನು ನೋಡಿದೆ. ಮೂರು ತಿಂಗಳು ಬಸ್ಸಿನಲ್ಲಿ ಜಪ ಮಾಡಿ, ಪರೀಕ್ಷೆಯ ದಿನವೂ ಬಾಯಿಗೆ ಬಾರದೆ ಹೋದ ಆ ವಾಕ್ಯ ಆಗ ತಾನಾಗಿಯೇ ಬಂತು.

"ಐ ಬೆಗ್ ಟು ಡಿಫರ್, ಸರ್" ಎಂದೆ. ಎಂದು, ನಿಂತೇ ಇದ್ದೆ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಆಮೇಲೆ ಹುಡುಗರ ಕಡೆ ತಿರುಗಿ, "ಏನ್ರಲಾ ಬಾಯ್ಬುಟ್ಕಂಡು ನೋಡ್ತೀರಿ? ಬರ್ಕಳಿ ಇದ್ನ" ಎಂದರು.